ಬದನೆ ಕುಂಡದ ತೂಕ

ಮರಳೂರು, ತುಮಕೂರು
ಫೆಬ್ರವರಿ 9, 2025

ಮೋನಿಕಾಳ ಅಪ್ಪನವರಿಗೆ,

ಶಶಿಕಲಾ ಮಾಡುವ ನಮಸ್ಕಾರ. ದಿನಾ ಸಂಜೆ ಫೋನ್ ಮಾಡುತ್ತೀರಿ, ಕುಂಡದ ತೂಕ ಕೇಳಿ ಕಟ್ ಮಾಡುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನಾದರೂ ಪೂರ್ತಿ ಓದಿ.

ತೊಟ್ಟಿಯ ನೀರೆಲ್ಲ ನಿಮ್ಮ ಟೆರೇಸಿನ ತರಕಾರಿಗೇ ಹೋಗುತ್ತದೆ ಅಂದಿದ್ದು ನಾನೇ. ಆ ಒಂದು ಮಾತಿಗೆ ಮುನಿಸಿಕೊಂಡು ಕುಣಿಗಲ್ಲಿನಲ್ಲಿ ರೂಮು ಮಾಡಿದ್ದು ನೀವು. ಅಲ್ಲಿನ ಸ್ಕೂಲಿಗೆ ವರ್ಷಗಟ್ಟಲೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಮೇಷ್ಟರಿಗೆ ಊರು ಇದ್ದಕ್ಕಿದ್ದ ಹಾಗೆ ದೂರವಾಯಿತು. ಹೋದವರು ಸುಮ್ಮನಿದ್ದೀರಾ? ಗಿಡಗಳಿಗೆ ಎಷ್ಟು ಕಡಿಮೆ ನೀರು ಸಾಕು ಅಂತ ನನಗೆ ತೋರಿಸಬೇಕು, ಅದನ್ನು ಅಳೆಯುವವಳೂ ನಾನೇ ಆಗಬೇಕು! ನೀರು ಹಾಕಿ ಕುಂಡವನ್ನು ಕೊಕ್ಕೆ ತಕ್ಕಡಿಗೆ ನೇತುಹಾಕುವುದು, ಮಾರನೇ ಬೆಳಿಗ್ಗೆ ಮತ್ತೆ ನೇತುಹಾಕುವುದು, ಇಳಿದ ತೂಕದಷ್ಟೇ ನೀರು ಹಾಕುವುದು. ನನ್ನ ಸೊಂಟ ಏನಾಯಿತು ಅಂತ ಒಂದು ದಿನ ಕೇಳಲಿಲ್ಲ.

ಟೊಮೆಟೊ, ಬೆಂಡೆ ಲೆಕ್ಕಕ್ಕೆ ಬಂದವು. ಬದನೆ ಕುಂಡ ಮಾತ್ರ ಬೆಳಗಾದರೆ ಇನ್ನೂ ಭಾರ. ನೀರು ಹಾಕದೆ ತೂಕ ಹೇಗೆ ಏರುತ್ತದೆ, ನಿನಗೆ ತಕ್ಕಡಿ ಮುಳ್ಳು ನೋಡುವುದಕ್ಕೂ ಬರುವುದಿಲ್ಲ ಅಂತ ಮಗಳ ಎದುರಿಗೇ ಸ್ಪೀಕರಿನಲ್ಲಿ ರೇಗಿದಿರಿ. ನನಗೆ ಅಳುವೇ ಬಂತು.

ಕಳ್ಳರು ಸಿಕ್ಕಿದ್ದಾರೆ. ನಿಮ್ಮ ಅಮ್ಮ. ಮೋನಿಕಾಳ ಡಬ್ಬಿಗೆ ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲಲು ಅತ್ತೆಗೆ ಮನಸ್ಸಿಲ್ಲ. ನಾನು ತೂಗುವ ಮುಂಚೆಯೇ, ಆ ಮಂಡಿನೋವಿನಲ್ಲೂ ಮೆಟ್ಟಿಲು ಹತ್ತಿ ಬದನೆಗೆ ಸುರಿದು ಬರುತ್ತಾರೆ. ಬದನೆಗೇ ಯಾಕೆ ಅಂತ ರೇಗಿಕೊಂಡೇ ಕೇಳಿದೆ.

"ನನ್ ಮಗಂಗೆ ಎಣ್ಣೆಗಾಯಿ ಅಂದ್ರೆ ಪ್ರಾಣ ಕಣವ್ವ. ಅವ್ನು ಬರೋ ಹೊತ್ಗೆ ಕಾಯಿ ಬುಡ್ಬೇಕಲ್ವಾ?" ಅಂದರು.

ಈಗ ನೀವೇ ಹೇಳಿ, ಅವರಿಗೆ ಏನು ಹೇಳಲಿ? ಸ್ಕೂಲಿನಲ್ಲಿ ಕೆಲಸ ಜಾಸ್ತಿ ಅಂತ ದಿನಾ ಸುಳ್ಳು ಹೇಳಿ ನನಗೂ ಸಾಕಾಗಿದೆ. ನಿಮ್ಮ ಲೆಕ್ಕವೇ ಸರಿ, ಗಿಡಗಳು ಅಷ್ಟೇನೂ ಕುಡಿಯುವುದಿಲ್ಲ. ನಾನೇ ಸೋತೆ ಅಂತಿಟ್ಟುಕೊಳ್ಳಿ. ಇನ್ನು ಮೇಲೆ ಕುಂಡ ಎತ್ತುವುದು ನನ್ನಿಂದಾಗದು, ನೀವೇ ಬಂದು ತೂಗಿ.

ಇಂತಿ,
ಇನ್ನೂ ಕೋಪದಲ್ಲೇ ಇರುವ
ಶಶಿಕಲಾ

ತಾ.ಕ.: ಅತ್ತೆ ನನ್ನ ಕೈಗೆ ಸಿಕ್ಕಿಬಿದ್ದು ತಿಂಗಳಾಗುತ್ತಾ ಬಂತು. ನಾನೇ ತಡೆಯಲಿಲ್ಲ, ನಿಮಗೂ ಹೇಳಲಿಲ್ಲ. ಲೆಕ್ಕ ಸರಿಹೋಗಿದ್ದರೆ ಸಂಜೆ ನೀವು ಫೋನ್ ಮಾಡುತ್ತಿದ್ದಿರಾ?