ಗಾಡಿಯ ಮುಂದೆ ಬಾಗಿದ ನಮ್ಮತ್ತೆ ಬದುಕಿದ್ದಾರೆ

ಪಾರ್ಸೆಲ್ ಕಂಪನಿಯ ಮಾನ್ಯ ಸುರಕ್ಷತಾ ಅಧಿಕಾರಿಗಳೇ,

ನಿಮ್ಮ ಇಂಡಿ ಶಾಖೆಯ ಚಾಲಕ ಜಾಹಿದ ಒಂದೇ ದಿನ ಎರಡು ಅಪಘಾತ ಮಾಡಿದನೆಂದು ಅವನನ್ನು ಗಾಡಿಯಿಂದ ಇಳಿಸಿದ್ದೀರಿ. ಶುಕ್ರವಾರ ವಿಚಾರಣೆ, ಕೆಲಸ ಉಳಿಯುವುದೋ ಹೋಗುವುದೋ ಅಂದೇ ತೀರ್ಮಾನವಂತೆ. ಎರಡೂ ಅಪಘಾತ ನಡೆದದ್ದು ನನ್ನ ನಿಂಬೆಹಣ್ಣಿನ ಅಂಗಡಿಯ ಮುಂದೆ. ಮೊದಲನೆಯದರಲ್ಲಿ ನೊಂದದ್ದು ನನ್ನ ಬುಟ್ಟಿ. ಎರಡನೆಯದರಲ್ಲಿ, ತಮ್ಮ ನೋಟಿಸಿನ ಪ್ರಕಾರ, ನಮ್ಮತ್ತೆ ಕಾಶಿಬಾಯಿ. ಅತ್ತೆಯವರು ಸದ್ಯ ನನ್ನ ಪಕ್ಕದಲ್ಲೇ ಕೂತು ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದಾರೆ. ಆದ್ದರಿಂದ ತಾವು ನಿಶ್ಚಿಂತೆಯಿಂದ ಮುಂದೆ ಓದಬಹುದು.

ಬುಟ್ಟಿಯ ಸಂಗತಿ ನಿಜ. ಸಂತೆಯ ದಿನ ಜಾಹಿದ ಗಾಡಿ ಹಿಂದೆ ತೆಗೆದುಕೊಳ್ಳುವಾಗ ಬುಟ್ಟಿಗೆ ತಗುಲಿತು, ಹಣ್ಣುಗಳು ಸಿಂದಗಿ ರಸ್ತೆಯವರೆಗೆ ಉರುಳಿದವು. ನಾನು ಬಾಯಿಗೆ ಬಂದಂತೆ ಬೈದೆ. ಅವನು ಇಳಿದು ಬಂದು ಎಲ್ಲವನ್ನೂ ಆರಿಸಿಕೊಟ್ಟು ಚಹಾ ತರಿಸಿದ. ನಮ್ಮಲ್ಲಿ ವಿಚಾರಣೆಯೆಂದರೆ ಇಷ್ಟೇ. ಬೈಗುಳದಿಂದ ಶುರುವಾಗಿ ಚಹಾದಲ್ಲಿ ಮುಗಿಯುತ್ತದೆ. ಇದಕ್ಕೆ ಸಮಿತಿ ಬೇಕಾಗುವುದಿಲ್ಲ.

ಅತ್ತೆಗೆ ಮಾತ್ರ ಸಮಾಧಾನವಾಗಲಿಲ್ಲ. "ತಮ್ಮಾ, ನಿನ್ನ ಗಾಡಿಗಿ ಯಾರ್ದೋ ಕಣ್ಣ ಬಿದ್ದೈತಿ. ತಡಿ, ಹಣ್ಣ ಇಡ್ತೇನಿ" ಎಂದು ನಾಲ್ಕು ನಿಂಬೆಹಣ್ಣು ಹಿಡಿದು ಗಾಡಿಯ ಮುಂದೆ ಬಾಗಿದರು. ಮುಂದಿನ ಗಾಲಿಗಳಿಗೆ ಎರಡು ಇಟ್ಟು, ಬಾಗಿಕೊಂಡೇ ಹಿಂದಿನ ಗಾಲಿಗಳ ಕಡೆ ಹೋಗಿ ಇನ್ನೆರಡು ಇಟ್ಟರು. ಬದಿಗೆ ಸರಿದು "ಹೂಂ, ಬಿಡು" ಎಂದರು. ಜಾಹಿದ ಬಿಟ್ಟ. ಹಣ್ಣು ಚಟ್ಟೆಂದವು, ಎಲ್ಲರೂ ನಕ್ಕೆವು.

ನಗದೆ ಉಳಿದದ್ದು ಗಾಡಿಯಲ್ಲಿನ ನಿಮ್ಮ ಕ್ಯಾಮೆರಾ. "ವಾಹನದ ಮುಂದೆ ವೃದ್ಧೆಯೊಬ್ಬರು ಬಾಗಿದರು. ನಂತರ ಕಾಣಿಸಲಿಲ್ಲ. ವಾಹನ ಮುಂದೆ ಚಲಿಸಿತು." ಜಾಹಿದ ತಂದು ತೋರಿಸಿದ ನೋಟಿಸಿನಲ್ಲಿ ಇದನ್ನು ಓದಿ ನನಗೇ ಅತ್ತೆಯ ನೆನಪಾಗಿ ಕಣ್ಣು ತುಂಬಿತು. ಒಳಗೆ ಹೋಗಿ ನೋಡಿದರೆ ರೊಟ್ಟಿ ಬಡಿಯುತ್ತಿದ್ದರು. "ನಾ ಯಾವಾಗ ಸತ್ತೆ? ಹಿಂದಿನ ಗಾಲಿಗಿ ಹೋಗಿದ್ದೆ ಅಂತ ಬರಿ ಅವರಿಗೆ" ಎಂದರು. ಬರೆದಿದ್ದೇನೆ. ಅಪಘಾತ ಆಗದಿರಲೆಂದು ಮಾಡಿದ್ದನ್ನೇ ಅಪಘಾತವೆನ್ನುವ ಜಾಣತನವನ್ನು ತಮಗೆ ಯಾವ ತರಬೇತಿಯಲ್ಲಿ ಕಲಿಸಿದರು? ಕಾಣದಾದವರು ಎಲ್ಲಿ ಹೋದರೆಂದು ಒಂದು ಫೋನ್ ಮಾಡಿ ಕೇಳಬಾರದಿತ್ತೇ?

ನಗು ಬರುವ ಸಂಗತಿಯೇ ಇದು. ಆದರೆ ಜಾಹಿದ ನಗುತ್ತಿಲ್ಲ. ಊರ ತುಂಬ ಓಡಾಡುತ್ತಿದ್ದವನು ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಾನೆ. "ಊಟಾನೂ ಸರಿಯಾಗಿ ಮಾಡವಲ್ರು, ಅಕ್ಕಾರ" ಎಂದು ಅವನ ಹೆಂಡತಿ ಸಾಬೀರಾ ಹೇಳಿದಾಗ ನನಗೆ ನಿಮ್ಮ ಮೇಲೆ ಕೆಟ್ಟ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಅತ್ತೆಯನ್ನು ಸಾಕ್ಷಿಗೆ ಕರೆದುಕೊಂಡು ನಿಮ್ಮ ಶಾಖೆಗೆ ಹೋದೆ. ಗೋಡೆಯ ಮೇಲೆ ಉದ್ಘಾಟನೆಯ ಫೋಟೋ ಇತ್ತು. ಹಾರ ಹಾಕಿದ ಹೊಸ ಗಾಡಿ. ಸ್ಟೇರಿಂಗ್ ಹಿಡಿದು ನಗುತ್ತಿರುವವರು, ಕೆಳಗೆ ಬರೆದ ಹೆಸರಿನ ಪ್ರಕಾರ, ತಾವೇ. ಗಾಡಿಯ ಮುಂದೆ, ಹಸಿರು ಇಳಕಲ್ ಸೀರೆಯುಟ್ಟು ಬಾಗಿದ ಒಂದು ಬೆನ್ನು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ನಂದ ಬೆನ್ನ ಐತಿ ಇದು" ಎಂದರು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಶುಕ್ರವಾರದೊಳಗೆ ಜಾಹಿದನ ಕೈಗೆ ಗಾಡಿಯ ಕೀಲಿ ಕೊಡಿ. ಆಗದಿದ್ದರೆ, ವಿಚಾರಣೆಯ ದಿನ ಅವನ ಪಕ್ಕದಲ್ಲಿ ತಮಗೂ ಒಂದು ಕುರ್ಚಿ ಹಾಕಿಸಿಕೊಳ್ಳಿ. ನಮ್ಮತ್ತೆಯ ಮೇಲೆ ಮೊದಲು ಗಾಡಿ ಹಾಯಿಸಿದವರು ತಾವು.

ಇಂತಿ,
ಎರಡೆರಡು ಸಲ ಅತ್ತೆಯನ್ನು ಕಳೆದುಕೊಂಡೂ ಇವತ್ತಿಗೂ ಅವರಿಂದ ಬೈಸಿಕೊಳ್ಳುತ್ತಿರುವ ಸೊಸೆ,
ವಿಜಯಲಕ್ಷ್ಮಿ
ನಿಂಬೆಹಣ್ಣಿನ ವ್ಯಾಪಾರಿ, ಇಂಡಿ