ಹುಲ್ಲಿಗೆ ನಮಸ್ಕಾರ

ಸೌತ್ ಕ್ಯಾರೊಲಿನಾ
ಸೋಮವಾರ, 9 ಸೆಪ್ಟೆಂಬರ್ 2024

ಪ್ರೀತಿಯ ಶ್ರೀದೇವಿ,

"ಪ್ರೀತಿಯ" ಎಂದು ಬರೆದದ್ದಕ್ಕೆ ಹುಬ್ಬು ಗಂಟಿಕ್ಕಬೇಡ. ಒಂದು ಮನೆ ಎರಡಾದ ಮಾತ್ರಕ್ಕೆ ಕಾಗದ ಬರೆಯುವ ಮರ್ಯಾದೆ ಬದಲಾಗುವುದಿಲ್ಲ. ಗೈದರ್ಸ್‌ಬರ್ಗ್‌ನಲ್ಲಿ ನೀನು ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನೂ ನಿಧಿಯೂ ಕ್ಷೇಮ.

ನೀನು ಗ್ರೀರ್‌ವರೆಗೆ ಬಂದು ನಮ್ಮ ಬಾಗಿಲು ತಟ್ಟಿ, ಕಿಟಕಿಯಲ್ಲಿ ಇಣುಕಿ ಹೋದೆ ಎಂದು ಪಕ್ಕದ ಮನೆಯ ವೇಣುಗೋಪಾಲ ಹೇಳಿದ. ಗಾಬರಿಯಾಗುವಂಥದ್ದು ಏನೂ ಆಗಿಲ್ಲ. ಕಾರ್ಖಾನೆಯ ಕೆಲಸ ಬಿಟ್ಟೆ, ಮನೆ ಖಾಲಿ ಮಾಡಿದೆ, ಅಷ್ಟೆ. ಬೇಸಿಗೆಯಲ್ಲೇ ನಿನಗೆ ತಿಳಿಸಬೇಕಿತ್ತು. ತಿಳಿಸಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಾನು ಬೇಕು ಎನ್ನುತ್ತಿದ್ದೆ, ನಮ್ಮ ಜಗ್ಗಾಟದಲ್ಲಿ ಮಗಳ ಒಂದು ವರ್ಷ ಮಣ್ಣುಪಾಲಾಗುತ್ತಿತ್ತು. ಈಗ ಸಮುದ್ರದ ಕಡೆ ಇದ್ದೇವೆ. ಅಷ್ಟು ಗೊತ್ತಾದರೆ ಸಾಕು. ಈ ಕರಾವಳಿಯಲ್ಲಿ ಗಾಲ್ಫ್ ಮೈದಾನಗಳು ಮಳೆಗಾಲದ ಅಣಬೆಗಳ ಹಾಗೆ. ಅಂಚೆ ಮುದ್ರೆ ಹಿಡಿದುಕೊಂಡು ಹುಡುಕಲು ಹೊರಟರೆ ನಿನ್ನ ಕಾರಿಗೂ ದಂಡ, ಕಾಲಿಗೂ ದಂಡ.

ಈ ಕಾಲದಲ್ಲಿ ಕೈಯಲ್ಲಿ ಕಾಗದ ಬರೆಯುವವರು ಯಾರು ಎಂದು ನಗಬಹುದು. ಫೋನಿನಲ್ಲಿ ಬರೆದದ್ದನ್ನೆಲ್ಲ ನಿನ್ನ ವಕೀಲೆ ಕತ್ತರಿಸಿ ಜೋಡಿಸುತ್ತಾಳೆ. ಕನ್ನಡದ ಕೈಬರಹ ಅವಳಿಗೆ ದಕ್ಕುವುದಿಲ್ಲ. ಇಲ್ಲಿ ಮೇಜಿನ ಆಚೆ ಕೂತ ನಿಧಿಗೂ ದಕ್ಕುವುದಿಲ್ಲ. ಸಂಘದ ಭಾನುವಾರದ ಕನ್ನಡ ಕ್ಲಾಸಿಗೆ ಎರಡು ವಾರ ಹೋಗಿ ಬಿಟ್ಟವಳಲ್ಲವೇ ನಮ್ಮ ಮಗಳು. ನಾನು ಬರೆಯುವುದನ್ನು ನೋಡಿ, ಅಪ್ಪ ಎಷ್ಟೊಂದು ಜಿಲೇಬಿ ಹಾಕ್ತೀರಿ ಎಂದು ಈಗಷ್ಟೇ ಕೇಳಿದಳು. ಹಾಗಾಗಿ ಅವಳ ಎದುರಿಗೇ ಕೂತು ಅವಳ ವಿಷಯ ಬಿಚ್ಚಿ ಬರೆಯಬಲ್ಲೆ. ಇದೊಂದು ಸುಖ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಜೊತೆಗಿಟ್ಟ ಒಪ್ಪಿಗೆಯ ಕಾಗದಕ್ಕೆ ನೀನು ಸಹಿ ಹಾಕಬೇಕು. ನಿಧಿಗೆ ಹದಿನೆಂಟು ತುಂಬುವ ತನಕ ಇಬ್ಬರ ಒಪ್ಪಿಗೆ ಇಲ್ಲದೆ ಅವಳನ್ನು ದೇಶದಿಂದ ಹೊರಗೆ ಕರೆದೊಯ್ಯುವಂತಿಲ್ಲ ಎಂದು ಕೋರ್ಟು ಹೇಳಿದೆ. ನಾನು ಅವಳನ್ನು ಜಪಾನಿಗೆ ಕರೆದೊಯ್ಯುತ್ತಿದ್ದೇನೆ.

ಅಲ್ಲಿ ಹೆಣ್ಣುಮಕ್ಕಳು ವೃತ್ತಿಪರ ಗಾಲ್ಫ್ ಆಟಗಾರರಾಗಲು ಒಂದು ಪರೀಕ್ಷೆ ಇದೆ. ನೂರಾರು ಹುಡುಗಿಯರು ಬರೆಯುತ್ತಾರೆ, ಎಂದರೆ ಆಡುತ್ತಾರೆ. ವರ್ಷಕ್ಕೆ ಇಪ್ಪತ್ತು ಚಿಲ್ಲರೆ ಜನ ದಾಟುತ್ತಾರೆ. ಮುಂದಿನ ವರ್ಷದ ಪರೀಕ್ಷೆಗೆ ಈಗಲೇ ಹೋಗಿ ಅಲ್ಲಿನ ನೆಲ, ಅಲ್ಲಿನ ಹುಲ್ಲು ರೂಢಿ ಮಾಡಿಕೊಳ್ಳಬೇಕು. ಇಲ್ಲಿನ ಕಾಲೇಜು, ಸ್ಕಾಲರ್‌ಶಿಪ್ ಎಂದು ನೀನು ಹೇಳುವುದು ನನ್ನ ಕಿವಿಗೆ ಈಗಲೇ ಬೀಳುತ್ತಿದೆ. ಅದು ಎಲ್ಲರ ದಾರಿ. ಎಲ್ಲರ ದಾರಿಯಲ್ಲಿ ಎಲ್ಲರೂ ಸಿಗುತ್ತಾರೆ, ಯಾರ ಗುರುತೂ ಉಳಿಯುವುದಿಲ್ಲ.

ಈ ಹುಚ್ಚು ನನಗೆ ಹಿಡಿಸಿದ್ದು ನಮ್ಮ ಕಾರ್ಖಾನೆಗೆ ಜಪಾನಿನಿಂದ ಬಂದ ಮೊರಿಟಾ ಸಾನ್ ಎಂದು ನಿನಗೆ ಗೊತ್ತು. ಶನಿವಾರ ಶನಿವಾರ ಅವರ ಗಾಲ್ಫ್ ಚೀಲ ಹೊತ್ತು ನಡೆಯುತ್ತ ಕೇಳಿದ ಕಥೆಗಳು ಒಂದೆರಡಲ್ಲ. ಇಂಗ್ಲೆಂಡಿನ ಒಬ್ಬ ಚಹಾ ವ್ಯಾಪಾರಿ ಕೋಬೆಯ ಬಳಿಯ ಬೆಟ್ಟದ ಮೇಲೆ ಗೆಳೆಯರೊಂದಿಗೆ ನಾಲ್ಕು ಗುಳಿ ತೋಡಿ ಆಟ ಶುರು ಮಾಡಿದ್ದು; 1927ರಲ್ಲಿ ಮೊದಲ ಜಪಾನ್ ಓಪನ್ ನಡೆದಾಗ ವೃತ್ತಿಪರರನ್ನೆಲ್ಲ ಹಿಂದೆ ಹಾಕಿ ಒಬ್ಬ ಹವ್ಯಾಸಿ ಗೆದ್ದದ್ದು; ಯುದ್ಧದಲ್ಲಿ ಸೋತು ಸುಣ್ಣವಾದ ದೇಶ 1957ರಲ್ಲಿ ಜಗತ್ತಿನ ಆಟಗಾರರನ್ನು ಮನೆಗೆ ಕರೆದು ಕೆನಡಾ ಕಪ್‌ನಲ್ಲಿ ಸೋಲಿಸಿ ಕಳಿಸಿದ್ದು. ಆ ಗೆಲುವಿನ ವೀರ ತೊರಾಕಿಚಿ ನಕಮುರಾ. ಅವನ ಶಿಷ್ಯೆ ಹಿಸಾಕೊ ಹಿಗುಚಿ. ಆ ಹೆಣ್ಣುಮಗಳು 1977ರಲ್ಲಿ ಇದೇ ಸೌತ್ ಕ್ಯಾರೊಲಿನಾಕ್ಕೆ ಬಂದು ಅಮೆರಿಕದವರ ದೊಡ್ಡ ಚಾಂಪಿಯನ್‌ಶಿಪ್ ಗೆದ್ದು ಹೋದಳು. ಜಪಾನಿನ ಯಾವ ಗಂಡಸೂ ಅಂಥದ್ದನ್ನು ಅಲ್ಲಿಯವರೆಗೆ ಗೆದ್ದಿರಲಿಲ್ಲ. ಅವಳು ಗೆದ್ದ ಮೈದಾನ ಮುಚ್ಚಿ ವರ್ಷಗಳೇ ಆದವು. ಒಂದು ಫಲಕವಾದರೂ ಇದ್ದೀತೆಂದು ನಿಧಿಯನ್ನು ಕರೆದುಕೊಂಡು ಹೋಗಿ ಹುಡುಕಿದೆ. ಸಿಗಲಿಲ್ಲ. ನಿಧಿ ಕಾರಿನಿಂದ ಇಳಿಯಲಿಲ್ಲ.

ಹಿಗುಚಿಯ ಕೋಲಿನ ಬೀಸು ಪುಸ್ತಕದ ಪ್ರಕಾರ ತಪ್ಪು ಬೀಸು. ಮೈಯೆಲ್ಲ ಪಕ್ಕಕ್ಕೆ ವಾಲುತ್ತಿತ್ತಂತೆ. ಗುರು ಅದನ್ನು ತಿದ್ದದೆ ಹಾಗೇ ಬಿಟ್ಟನಂತೆ. ನಾನು ನಿಧಿಯ ಬೀಸನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದಾಗ ಅವಳು ಒಂದು ದಿನ ಈ ಮಾತು ನೆನಪಿಸಿದಳು. ಅಂದಿನಿಂದ ಮೈದಾನದಲ್ಲಿ ಮಾತು ಬೇಡ ಎಂದು ನಿಯಮ ಮಾಡಿದೆ. ಮೌನದಿಂದ ಏಕಾಗ್ರತೆ ಬರುತ್ತದೆ. ಈಗ ಮನೆಯಲ್ಲೂ ಹೆಚ್ಚು ಮಾತಾಡುವುದಿಲ್ಲ. ಮೊದಲು ಎಷ್ಟು ವಟವಟ ಎನ್ನುತ್ತಿದ್ದಳು ನೆನಪಿದೆಯೇ.

ಅವಳ ಕೋಚ್‌ನನ್ನು ಜುಲೈನಲ್ಲೇ ಬಿಡಿಸಿದೆ. ಮಗುವಿಗೆ ವಿಶ್ರಾಂತಿ ಕೊಡಿ, ಮಣಿಕಟ್ಟು ಡಾಕ್ಟರಿಗೆ ತೋರಿಸಿ ಎಂದು ಒಂದೇ ರಾಗ. ಬಲ ಮಣಿಕಟ್ಟು ಚೂರು ಊದಿದೆ, ನಿಜ. ನಮ್ಮ ಅವ್ವ ಹಚ್ಚುತ್ತಿದ್ದ ಹಾಗೆ ಅರಿಶಿನದ ಪಟ್ಟು ಹಾಕಿ ಬಟ್ಟೆ ಬಿಗಿಯುತ್ತೇನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಅವ್ವ ನನ್ನನ್ನು ಬಗ್ಗಿಸಿದವಳೇ. ಅದಕ್ಕೇ ನಾನು ಮನುಷ್ಯನಾದೆ.

ಯೋಚನೆ ಎಲ್ಲ ಮೊರಿಟಾ ಸಾನ್‌ಗೆ ಹೇಳಿದೆ. ಅವರು, ಸ್ವಲ್ಪ ಕಷ್ಟ ಅಲ್ಲವೇ ಎಂದರು. ಅವರ ಜನ ಹಾಗೆಂದರೆ ಬೇಡ ಎಂದರ್ಥ ಎಂದು ಆಫೀಸಿನಲ್ಲಿ ಕಲ್ಮೇಶ್ ಹೇಳಿದ. ಕಲ್ಮೇಶ್‌ಗೆ ಏನು ಗೊತ್ತು. ಸ್ವಲ್ಪ ಕಷ್ಟ ಎಂದರೆ ಸ್ವಲ್ಪವೇ ಕಷ್ಟ. ಮಾರನೆಯ ದಿನವೇ ರಾಜೀನಾಮೆ ಕೊಟ್ಟೆ.

ನಮ್ಮ ಈಗಿನ ಮನೆಯ ಹಿಂದೆಯೇ ಒಂದು ಹಾಳುಬಿದ್ದ ಗಾಲ್ಫ್ ಮೈದಾನ. ನಡೆಸುವವರು ಕೈಬಿಟ್ಟು ಹೋಗಿದ್ದಾರೆ. ಎದೆಮಟ್ಟ ಹುಲ್ಲು, ನಡುನಡುವೆ ಕಪ್ಪು ನೀರಿನ ಹೊಂಡಗಳು. ಒಂದು ಪಟ್ಟಿಯನ್ನು ನಾನೇ ಕತ್ತರಿಸಿ ಹಸನು ಮಾಡಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಬೇರೆ ಮನುಷ್ಯರ ಸುಳಿವಿಲ್ಲ. ದೊಡ್ಡ ಹೊಂಡದಲ್ಲಿ ಒಂದು ಮೊಸಳೆ ಇದೆ. ಹೆಚ್ಚಾಗಿ ಮಲಗಿರುತ್ತದೆ. ನಿಧಿಗೆ ನೀರಿನ ಮೇಲಿಂದ ಹೊಡೆಯಲು ಭಯ, ಚೆಂಡು ಪ್ರತಿ ಸಲ ಎಡಕ್ಕೆ ಹೋಗುತ್ತದೆ. ಭಯ ಇರುವಲ್ಲೇ ನಿಂತರೆ ಭಯ ಹೋಗುತ್ತದೆ ಎಂದು ಆ ಹೊಂಡದ ಅಂಚಿನಲ್ಲೇ ನಿಲ್ಲಿಸುತ್ತೇನೆ. ದಡಕ್ಕೆ ಬಿದ್ದ ಚೆಂಡನ್ನು ಅವಳೇ ಹೋಗಿ ಆರಿಸಬೇಕು. ನಾನು ಕೋಲು ಹಿಡಿದು ಹಿಂದೆಯೇ ಇರುತ್ತೇನೆ, ಹೆದರಬೇಡ.

ನಿಧಿಯ ಫೋನ್ ನನ್ನ ಬಳಿ ಇದೆ. ವಾರಕ್ಕೊಮ್ಮೆ ದೂರದ ಊರಿಗೆ ದಿನಸಿ ತರಲು ಹೋದಾಗ ಆನ್ ಮಾಡಿ ನಿನ್ನ ಮೆಸೇಜುಗಳಿಗೆ ಅವಳ ಪರವಾಗಿ ನಾನೇ ಉತ್ತರ ಕಳಿಸುತ್ತೇನೆ. ಚೆನ್ನಾಗಿದ್ದೇನೆ, ಪ್ರಾಕ್ಟೀಸ್ ಇದೆ, ಲವ್ ಯೂ ಅಮ್ಮ. ಅವಳು ಬರೆದಿದ್ದರೂ ಇಷ್ಟೇ ಬರೆಯುತ್ತಿದ್ದಳು. ಹೋದ ತಿಂಗಳು ಅದಕ್ಕೆ ನೀನು ಹೃದಯದ ಚಿತ್ರ ಕಳಿಸಿದ್ದೆ. ಅದನ್ನು ನೋಡಿ, ನಿಜ ಹೇಳುತ್ತೇನೆ ಶ್ರೀದೇವಿ, ನನಗೆ ಅಳು ಬಂತು. ನೀನು ನನಗೆ ಅಂಥದ್ದು ಕಳಿಸಿ ಎಷ್ಟು ಕಾಲವಾಯಿತು.

ಇಷ್ಟೆಲ್ಲ ಓದಿ ನಿನಗೆ ಕೋಪ ಬಂದಿರುತ್ತದೆ. ಈಗ ಬರೆಯುವುದನ್ನು ಓದಿದರೆ ಇಳಿಯುತ್ತದೆ.

2021ರ ಏಪ್ರಿಲ್ ನೆನಪು ಮಾಡಿಕೋ. ನಿಧಿ ಆಗಿನ್ನೂ ನಿನ್ನ ಜೊತೆಗಿದ್ದಳು, ನೀವಿಬ್ಬರೂ ಗ್ರೀರ್‌ಗೆ ಬಂದಿದ್ದಿರಿ. ಅದಕ್ಕೆ ಹಿಂದಿನ ವಾರವಷ್ಟೇ ಅಗಸ್ಟಾದಲ್ಲಿ ಜಪಾನಿನ ಹದಿನೇಳರ ಹುಡುಗಿಯೊಬ್ಬಳು ಹವ್ಯಾಸಿ ಹೆಣ್ಣುಮಕ್ಕಳ ಪಂದ್ಯ ಗೆದ್ದಿದ್ದಳು. ಆ ಭಾನುವಾರ ಅದೇ ಮೈದಾನದಲ್ಲಿ ಜಪಾನಿನ ಮತ್ಸುಯಾಮ ಮಾಸ್ಟರ್ಸ್ ಪಂದ್ಯ ಗೆದ್ದ. ಎಲ್ಲರೂ ಗೆದ್ದವನ ಹಿಂದೆ ಓಡಿದರು. ಅವನ ಚೀಲ ಹೊತ್ತ ಕ್ಯಾಡಿ ಮಾತ್ರ ಹಿಂದೆ ಉಳಿದು, ಬಾವುಟದ ಕೋಲನ್ನು ಗುಳಿಗೆ ಸಿಕ್ಕಿಸಿ, ಟೋಪಿ ತೆಗೆದು, ಖಾಲಿ ಹುಲ್ಲಿಗೆ ತಲೆಬಾಗಿ ನಮಸ್ಕರಿಸಿದ. ನಮ್ಮ ನಿಧಿ ಸೋಫಾದಿಂದ ಎದ್ದು ಟಿವಿಗೆ ಹಾಗೇ ಬಗ್ಗಿದಳು. ನೀನು ನಕ್ಕುಬಿಟ್ಟೆ. ನಾನು ನಗಲಿಲ್ಲ. ಇವಳಿಗಾಗಿ ನಾನು ಆ ಚೀಲ ಹೊರುತ್ತೇನೆ ಎಂದು ಆ ಕ್ಷಣ ನನ್ನೊಳಗೆ ಗಟ್ಟಿಯಾಯಿತು.

ಇಲ್ಲಿ ದಿನಾ ಸೂರ್ಯ ಮುಳುಗುವ ಹೊತ್ತಿಗೆ ಅಭ್ಯಾಸ ಮುಗಿಯುತ್ತದೆ. ಬೇಲಿಯ ಹತ್ತಿರದ ಕೊನೆಯ ಗುಳಿಯ ಬಳಿ ಅವಳು ಮುಂದೆ, ನಾನು ಹಿಂದೆ ನಿಂತು, ಇಬ್ಬರೂ ಟೋಪಿ ತೆಗೆದು ಹುಲ್ಲಿಗೆ ಬಗ್ಗುತ್ತೇವೆ. ಕ್ಯಾಡಿ ಆಟಗಾರ್ತಿಗಿಂತ ಮೊದಲು ತಲೆ ಎತ್ತಬಾರದು ಎಂಬುದು ನಾನೇ ನನಗೆ ಹಾಕಿಕೊಂಡ ಕಟ್ಟು. ಕಣ್ಣು ಮುಚ್ಚಿರುತ್ತೇನೆ. ಅವಳು "ಆಯ್ತು ಅಪ್ಪ" ಎಂದ ಮೇಲೆಯೇ ನೆಟ್ಟಗಾಗುತ್ತೇನೆ. ದಿನವಿಡೀ ಅವಳು ಆಡುವ ಮಾತು ಕೆಲವು ಸಲ ಅದೊಂದೇ. ಮೊದಲೆಲ್ಲ ಹೀಗೆ ಬಗ್ಗಿ ಹಾಗೆ ಏಳುತ್ತಿದ್ದಳು. ಈಗ ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ಬಗ್ಗಿರುತ್ತಾಳೆ. ನಿನ್ನೆಯಂತೂ ನನ್ನ ಸೊಂಟ ನೊಂದು ಸೊಳ್ಳೆಗಳು ಕಿವಿ ಮುತ್ತಿದವು, ಆದರೂ ಎಷ್ಟೋ ಹೊತ್ತು ಅವಳಿಂದ ಆ ಮಾತು ಬರಲಿಲ್ಲ. ಮುಚ್ಚಿದ ಕಣ್ಣಲ್ಲೇ ನೀರು ಬಂತು. ಇಷ್ಟು ಭಕ್ತಿ ನಾವಿಬ್ಬರೂ ಕಲಿಸಿದ್ದಲ್ಲ, ತಾನಾಗಿ ಹುಟ್ಟಿದ್ದು. ಇಂಥ ಮಗಳನ್ನು ಹಿಡಿದಿಟ್ಟು ಏನು ಮಾಡುತ್ತೀ.

ಆದ್ದರಿಂದ ಸಹಿ ಹಾಕಿ, ಫೋಟೊ ತೆಗೆದು ಭಾನುವಾರದೊಳಗೆ ಅವಳ ಫೋನಿಗೆ ಕಳಿಸು. ಬರುವ ಸೋಮವಾರ ನಾವು ಹೊರಡುತ್ತೇವೆ. ನಿನ್ನ ಸಹಿ ಬಂದರೆ ವಿಮಾನದಲ್ಲಿ. ಬಾರದಿದ್ದರೂ ಹೊರಡುತ್ತೇವೆ, ರಸ್ತೆಯಲ್ಲಿ, ಪಶ್ಚಿಮಕ್ಕೆ. ಆಮೇಲಿನದನ್ನು ಆಮೇಲೆ ನೋಡಿಕೊಂಡರಾಯಿತು. ಇದನ್ನು ಬೆದರಿಕೆ ಎಂದು ತಿಳಿಯಬೇಡ. ಪೊಲೀಸು ಗಿಲೀಸು ಎಂದು ಹೋಗಬೇಡ. ಮಗು ಹೆದರುತ್ತದೆ, ಹೆದರಿದ ಮಗುವಿನ ಜೊತೆ ನಾನು ಏನು ಮಾಡಲಿ ಎಂದು ನನಗೇ ತಿಳಿಯುವುದಿಲ್ಲ.

ಮೈ ಕಡೆ ನಿಗಾ ಇರಲಿ. ಲ್ಯಾಬಿನಲ್ಲಿ ಊಟ ಬಿಟ್ಟು ಕೆಲಸ ಮಾಡಬೇಡ.

ಇನ್ನೂ ನಿನ್ನವನೇ ಎಂದುಕೊಂಡಿರುವ,
ಸಿದ್ಧಲಿಂಗೇಶ್

ತಾ. ಕ.: ಲಕೋಟೆ ಅಂಟಿಸಿ, ರಸ್ತೆ ಬದಿಯ ಅಂಚೆ ಡಬ್ಬಿಗೆ ಹಾಕುವ ಕೆಲಸ ನಿಧಿಗೇ ಕೊಡುತ್ತಿದ್ದೇನೆ. ನಾನು ಬಾಗಿಲಲ್ಲಿ ನಿಂತು ನೋಡುತ್ತಿರುತ್ತೇನೆ. ಅವಳ ಕೈಯಿಂದಲೇ ಬಂದ ಕಾಗದ ಎಂದು ತಿಳಿದರೆ ನಿನ್ನ ಮನಸ್ಸು ಮೆತ್ತಗಾದೀತೆಂಬ ಆಸೆ.

ತಾ. ಕ. 2: ಅಮ್ಮ, ಇದು ನಿಧಿ. ಲಾಕ್‌ಡೌನ್‌ನಲ್ಲಿ ನೀನು ಕಿಚನ್ ಟೇಬಲ್ ಮೇಲೆ ಕಲಿಸಿದ ಜಿಲೇಬಿ ನಂಗೆ ಮರ್ತಿಲ್ಲ. ಅಪ್ಪನಿಗೆ ಗೊತ್ತಿಲ್ಲ. ಅವರು ಬರೀತಾ ಇದ್ದಾಗ ಎದುರಿಗೆ ಕೂತು ಉಲ್ಟಾ ಓದ್ತಾ ಇದ್ದೆ. ಈಗ ಅವರು ಸ್ಟ್ಯಾಂಪ್ ಹುಡುಕೋಕೆ ಕಾರಿಗೆ ಹೋಗಿದ್ದಾರೆ.

ಕೈ ಚೂರು ಊದಿರೋದಲ್ಲ. ಬೆರಳು ಮಡಚೋಕೆ ಆಗಲ್ಲ, ಅದಕ್ಕೇ ಅಕ್ಷರ ಹೀಗಿದೆ. ಮೊಸಳೆ ಮಲಗಿರಲ್ಲ. ಸೈನ್ ಮಾಡಬೇಡ. ಅಪ್ಪ ಕೆಟ್ಟವರಲ್ಲ, ಆದ್ರೆ ನೀನು ಬಾ.

ರಸ್ತೆ ಹೆಸರು ಓಲ್ಡ್ ಹೆರಾನ್ ಲೇನ್, ಊರು ಲಕೋಟೆ ಒಳಗಡೆ ಬರೆದಿದ್ದೀನಿ. ಕೊನೇಲಿ ತುಕ್ಕು ಹಿಡಿದ ನೀರಿನ ಟ್ಯಾಂಕ್ ಇದೆ, ಅದರ ಪಕ್ಕ ಬೇಲಿ ಮುರಿದಿದೆ. ಭಾನುವಾರ ಸೂರ್ಯ ಮುಳುಗೋ ಹೊತ್ತಿಗೆ ಅಲ್ಲಿ ಕಾರ್ ನಿಲ್ಸು. ಎಂಜಿನ್ ಆಫ್ ಮಾಡಬೇಡ, ಹಾರ್ನ್ ಮಾಡಬೇಡ.

ನಾನು ಹೇಳೋ ತನಕ ಅಪ್ಪ ತಲೆ ಎತ್ತಲ್ಲ. ಅವರಿಗೆ ಅಭ್ಯಾಸ ಆಗಲಿ ಅಂತ ದಿನಾ ಸ್ವಲ್ಪ ಸ್ವಲ್ಪ ಲೇಟ್ ಮಾಡ್ತಾ ಬಂದಿದ್ದೀನಿ. ಭಾನುವಾರ ನಾನು "ಆಯ್ತು ಅಪ್ಪ" ಅನ್ನಲ್ಲ.