ಹದಿನಾಲ್ಕು ಮೈಲಿ ಸಮತಟ್ಟು

ಅಕ್ಕನ ಮನೆಯಿಂದ
ಜೂನ್ 9, 2014, ಸೋಮವಾರ

ಡೆಲ್ಬರ್ಟ್,

ಮೊದಲು 'ಪ್ರಿಯ' ಎಂದು ಬರೆದು ಆಮೇಲೆ ಹೊಡೆದುಹಾಕಿದ್ದೇನೆ. ಕಾಣಿಸಿದರೆ ಕಾಣಿಸಲಿ. ಫೋನಿನಲ್ಲಿ ನನ್ನ ಹೆಸರು ಕಂಡರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಕೊನೆಯವರೆಗೂ ಓದು. ಅರ್ಧಕ್ಕೆ ಮಡಚಿಟ್ಟು ಸೈಕಲ್ಲಿಗೆ ಗಾಳಿ ಹೊಡೆಯಲು ಎದ್ದು ಹೋಗಬೇಡ.

ಶನಿವಾರ ನೀನೊಬ್ಬನೇ ಹಾರ್ನ್‌ಬೀಮ್ ಹೊಳೆಯ ಪಕ್ಕದ, ಹಳಿ ಕಿತ್ತು ಸೈಕಲ್ಲಿಗೆ ಬಿಟ್ಟ ಹಳೆಯ ರೈಲು ಹಾದಿಗೆ ಹೋಗುತ್ತೀಯಂತೆ. ಕೋಲ್ಟನ್ನಿನಿಂದ ಟ್ಯಾನರಿಗೆ, ಅಲ್ಲಿಂದ ಅದೇ ಹಾದಿಯಲ್ಲಿ ವಾಪಸ್ಸು. ನಮ್ಮ ಮಾರ್ಲಾ ಹೇಳಿದಳು. ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಇನ್ನೂ ಹತ್ತು ವಾರ ಆಗಿಲ್ಲ. ಡಾಕ್ಟರ್ ಏನಂದರು ಎಂದು ಮಗಳು ಕೇಳಿದರೆ, "ಸಮತಟ್ಟಾಗಿರೋ ಕಡೆ ಮಾತ್ರ ಸೈಕಲ್ ಹೊಡೀರಿ ಅಂದ್ರು. ಈ ಬೆಟ್ಟದಲ್ಲಿ ಸಮತಟ್ಟು ಎಲ್ಲಿದೆ ಅಂತ ನನಗಿಂತ ಚೆನ್ನಾಗಿ ಯಾರಿಗ್ ಗೊತ್ತಮ್ಮಾ? ಪುಸ್ತಕಾನೇ ಬರ್ದಿದೀನಿ!" ಅಂದೆಯಂತೆ. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

ಪುಸ್ತಕ! ಸೈಕಲ್ ಹಾದಿಗಳ ಆ ನಿನ್ನ ಹಸಿರು ರಟ್ಟಿನ ಪುಸ್ತಕ ತೆಗೆದು ನೋಡು, ನಲವತ್ತೊಂದನೆಯ ಪುಟ. "ಹದಿನಾಲ್ಕು ಮೈಲಿ, ಪೂರ್ತಿ ಸಮತಟ್ಟು. ಅಜ್ಜಿಯಂದಿರೂ ನಗುತ್ತಾ ಹೋಗಿ ಬರಬಹುದು." ನಿನ್ನೆ ಒಬ್ಬಳು ಅಜ್ಜಿ ಹೋದಳು ಡೆಲ್ಬರ್ಟ್. ಅರವತ್ತಾರು ವರ್ಷ, ಹೋದ ವರ್ಷ ಹಾಕಿಸಿಕೊಂಡ ಹೊಸ ಮಂಡಿ, ಅಕ್ಕನ ಸೈಕಲ್ಲು. ನಗುತ್ತಲೇ ಹೋದಳು. ಬಂದದ್ದನ್ನು ಕೇಳು.

ಹೋಗುವಾಗ ನನ್ನ ಕಾಲಿನ ಬಗ್ಗೆ ನನಗೇ ಹೆಮ್ಮೆ. ತುಳಿದರೂ ಓಡುತ್ತದೆ, ತುಳಿಯದಿದ್ದರೂ ಓಡುತ್ತದೆ. ಒಂದು ಗಂಟೆ ಚಿಲ್ಲರೆಯಲ್ಲಿ ಟ್ಯಾನರ್ ಮುಟ್ಟಿ, ಹಳೆಯ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಪೆಪ್ಪರೋನಿ ರೋಲ್ ತಿಂದು, ಇಷ್ಟು ವರ್ಷ ಇದನ್ನು ಮಾಡದೆ ಕಾರಿನಲ್ಲಿ ಕೂತು ಕಳೆದೆನಲ್ಲ ಎಂದು ಹಳಹಳಿಸಿದೆ.

ವಾಪಸ್ಸು ಹೊರಟು ಅರ್ಧ ಮೈಲಿ ಆಗಿಲ್ಲ, ಸೈಕಲ್ ಜಗ್ಗತೊಡಗಿತು. ಗಾಳಿ ಇಳಿದಿರಬೇಕೆಂದು ಇಳಿದು ಟೈರ್ ಒತ್ತಿ ನೋಡಿದೆ, ಗಟ್ಟಿಯಾಗಿತ್ತು. ಬ್ರೇಕ್ ಹಿಡಿದುಕೊಂಡಿರಬೇಕೆಂದು ಚಕ್ರ ಎತ್ತಿ ತಿರುಗಿಸಿದೆ, ಚೆನ್ನಾಗಿ ತಿರುಗಿತು. ಕಣ್ಣಿಗೆ ಹಾದಿ ಮೇಜಿನಷ್ಟು ಸಪಾಟು, ಕಾಲಿಗೆ ಮಾತ್ರ ಏರು. ನನ್ನ ಮಂಡಿಯನ್ನೇ ಬೈದುಕೊಂಡೆ. ಮೂರನೆಯ ಮೈಲಿಯಲ್ಲಿ ಸುಸ್ತಾಗಿ ನಿಂತಾಗಲೇ ಪಕ್ಕದ ಹೊಳೆಯನ್ನು ನೋಡಿದ್ದು. ನೀರು ನನ್ನ ಎದುರಿಗೆ ಹರಿದುಬರುತ್ತಿತ್ತು. ಬೆಳಿಗ್ಗೆಯಿಂದಲೂ ಅದು ಕೋಲ್ಟನ್ನಿನಿಂದ ಟ್ಯಾನರಿಗೇ ಇಳಿಯುತ್ತಿತ್ತು, ನಾನೂ ಅದರ ಜೊತೆಗೆ ಜಾರಿಕೊಂಡು ಬಂದಿದ್ದೆ. ಆ ಹೊಳೆಯಲ್ಲಿ ಯಾವ ಯಾವ ಮೀನಿದೆ ಎಂದು ನೀನು ಎರಡು ಪುಟ ಬರೆದಿದ್ದೀಯ. ಅದು ಯಾವ ಕಡೆಗೆ ಹರಿಯುತ್ತದೆ ಎಂದು ನೋಡಲಿಲ್ಲವೇ?

ಐದನೆಯ ಮೈಲಿಯಲ್ಲಿ ಒಬ್ಬ ಹೆಂಗಸು ಹಾದಿಗೆ ಬಿದ್ದ ಕೊಂಬೆ ಕಡಿಯುತ್ತಿದ್ದಳು. ಓಪಲ್ ಅಂತ, ಟ್ಯಾನರಿನಲ್ಲಿ ಸೈಕಲ್ ಬಾಡಿಗೆಗೆ ಕೊಡುವವಳು. ನನ್ನ ಮುಖ ನೋಡಿದ್ದೇ ತಡ, "ಹಸಿರು ಪುಸ್ತಕ ನೋಡ್ಕೊಂಡು ಬಂದ್ರಾ?" ಅಂದಳು. ಹೌದು ಅಂದೆ. "ಹಂಗಾದ್ರೆ ಕೂತ್ಕೊಳಿ ತಾಯಿ, ನೀರು ಕುಡೀರಿ. ಪ್ರತಿ ಬೇಸಿಗೆ ನಿಮ್ಮಂಥೋರು ನಾಲ್ಕೈದು ಜನ ಇಲ್ಲೇ ಸಿಗ್ತಾರೆ ನಂಗೆ, ಇದೇ ಕಲ್ಲಿನ ಹತ್ರ. ಕಾಡಿಂದ ಮರ ಇಳಿಸೋಕೆ ಹಾಕಿದ್ದ ರೈಲು ಇದು. ದಿಮ್ಮಿ ತುಂಬ್ಕೊಂಡು ಕೆಳಕ್ಕೆ ಬರ್ತಿತ್ತು, ಖಾಲಿ ಡಬ್ಬೀನ ಇಂಜಿನ್ನು ಏದುಸಿರು ಬಿಟ್ಕೊಂಡು ಮೇಲಕ್ಕೆ ಎಳೀತಿತ್ತು. ಸಾವಿರದ ಮುನ್ನೂರು ಅಡಿ ಏರು! ನಾವೆಲ್ಲ ವ್ಯಾನಲ್ಲಿ ಮೇಲಕ್ಕೆ ಹೋಗಿ, ಸೈಕಲ್ಲಲ್ಲಿ ಇಳೀತೀವಿ. ಆ ಬರ್ದ ಪುಣ್ಯಾತ್ಮ ವಾಪಸ್ ಬಂದೇ ಇಲ್ಲ ಬಿಡಿ. ಕೆಳಗೆ ಯಾರೋ ಪಾಪ ಕಾರ್ ಇಟ್ಕೊಂಡು ಕಾಯ್ತಿದ್ರೇನೋ."

ಆ ಪಾಪದವಳು ನಾನೇ ಎಂದು ಹೇಳಲು ನಾಚಿಕೆಯಾಯಿತು.

ಮೂವತ್ತೊಂದು ಹಾದಿ, ಹನ್ನೊಂದು ಬೇಸಿಗೆ. ಪ್ರತಿಸಲವೂ ನಿನ್ನನ್ನು ಒಂದು ತುದಿಯಲ್ಲಿ ಇಳಿಸಿ ಇನ್ನೊಂದು ತುದಿಗೆ ಕಾರು ಓಡಿಸಿದವಳು ನಾನು. ಥರ್ಮಾಸಿನಲ್ಲಿ ಕಾಫಿ, ಡಬ್ಬಿಯಲ್ಲಿ ಜೋಳದ ರೊಟ್ಟಿ, ನಿನ್ನ ಮುಖ ಒರೆಸಿಕೊಳ್ಳಲು ಒದ್ದೆ ಟವೆಲ್. ನೀನು ಬಂದು ಇಳಿದು, "ನೋಡು ವರ್ನಾ, ಒಂಚೂರೂ ಉಸಿರು ಮೇಲೆ ಹೋಗಿಲ್ಲ!" ಅನ್ನುತ್ತಿದ್ದೆ. ಹೇಗೆ ಹೋಗುತ್ತದೆ? ಏರನ್ನೆಲ್ಲ ನಾನು ಎರಡನೆಯ ಗೇರಿನಲ್ಲಿ ಹತ್ತಿಸಿದ್ದೆ. ಪುಸ್ತಕದ ಮೊದಲ ಪುಟದಲ್ಲಿ ನಿನ್ನ ಸೈಕಲ್ಲಿಗೆ ಕೃತಜ್ಞತೆ ಇದೆ. ನಾಯಿಗೂ ಇದೆ, ಒಂದು ದಿನವಾದರೂ ನಿನ್ನ ಜೊತೆ ಬಾರದ ನಾಯಿಗೆ. ನನ್ನ ಹೆಸರಿಲ್ಲ. ಯಾಕೆ ಬಿಟ್ಟುಹೋದೆ ಎಂದು ಎರಡು ವರ್ಷದಿಂದ ಮಗಳ ಹತ್ತಿರ ಕೇಳಿಸುತ್ತಿದ್ದೀಯಲ್ಲ, ತೆಗೆದುಕೋ, ಉತ್ತರ.

ಓಪಲ್ ತನ್ನ ವ್ಯಾನಿನಲ್ಲಿ ಬಿಡುತ್ತೇನೆಂದಳು. ನಾನು ಒಪ್ಪಲಿಲ್ಲ. ಉಳಿದ ಒಂಬತ್ತು ಮೈಲಿಯಲ್ಲಿ ಅರ್ಧ ತುಳಿದೆ, ಅರ್ಧ ತಳ್ಳಿದೆ. ಹತ್ತನೆಯ ಮೈಲಿಯ ಸುರಂಗದಲ್ಲಿ ಎದೆ ಡವಡವ ಹೊಡೆದುಕೊಂಡು, ಗೋಡೆ ಹಿಡಿದು ಕೂತೆ. ಅಲ್ಲಿ ಫೋನ್ ಸಿಗುವುದಿಲ್ಲ. ಇದೇ ಜಾಗದಲ್ಲಿ ನೀನು ಕೂತಂತೆ, ಬಾಯಿ ಬಿಟ್ಟು ಕರೆಯಲೂ ಆಗದಂತೆ, ಕಣ್ಣಿಗೆ ಕಟ್ಟಿತು. ಅಲ್ಲಿಯವರೆಗೆ ಬರೀ ಸಿಟ್ಟಿತ್ತು. ಆಮೇಲೆ ಹೆದರಿಕೆಯಾಯಿತು, ಬಹಳ ಹೆದರಿಕೆಯಾಯಿತು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಆದ್ದರಿಂದ ಶನಿವಾರ ಕೋಲ್ಟನ್ನಿನಿಂದ ಹೊರಡಬೇಡ. ಹೋಗಲೇಬೇಕೆಂದು ಹಟವಿದ್ದರೆ ಟ್ಯಾನರಿನಿಂದ ಹೊರಡು. ಮೊದಲು ಏರು, ಸುಸ್ತಾದ ಕಡೆ ತಿರುಗಿಸಿಕೋ, ಹೊಳೆ ನಿನ್ನನ್ನು ಕರೆದುಕೊಂಡು ಬರುತ್ತದೆ. ಮುಂದಿನ ಮುದ್ರಣದಲ್ಲಿ ನಲವತ್ತೊಂದನೆಯ ಪುಟ ತಿದ್ದಿಸು. ಅಜ್ಜಿಯರ ವಿಷಯ ತೆಗೆದುಹಾಕು.

ಕಾಗದಪತ್ರದ ಪ್ರಕಾರ ಇನ್ನೂ ನಿನ್ನ ಹೆಂಡತಿ,
ವರ್ನಾ

ತಾ.ಕ.: ನಿನ್ನ ಕೈಬರಹದ ಪ್ರತಿ ನನ್ನ ಪೆಟ್ಟಿಗೆಯಲ್ಲೇ ಇದೆ. ಅದನ್ನು ಟೈಪ್ ಮಾಡಿದವಳು ನಾನಲ್ಲವೇ. ನಿನ್ನೆ ರಾತ್ರಿ ತೆಗೆದು ನೋಡಿದೆ. ನೋಡುವ ಅಗತ್ಯವೇನೂ ಇರಲಿಲ್ಲ, ನನಗೆ ನೆನಪಿತ್ತು. 'ಪೂರ್ತಿ ಸಮತಟ್ಟು' ಎಂಬುದರ ಪಕ್ಕದಲ್ಲಿ ನೀನು ಪೆನ್ಸಿಲಿನಿಂದ ಬರೆದಿದ್ದೀಯ: "ಖಚಿತವಿಲ್ಲ. ವಾಪಸ್ಸು ಹೊಡೆದು ನೋಡಬೇಕು. ವರ್ನಾಗೆ ಇನ್ನೊಂದು ಶನಿವಾರ ಆಗುತ್ತದೆಯೇ ಕೇಳಬೇಕು." ನೀನು ಕೇಳಲು ಮರೆತೆ. ನಾನು ನೆನಪಿಸಲಿಲ್ಲ, ಆ ಸಾಲನ್ನು ಟೈಪೂ ಮಾಡಲಿಲ್ಲ. ಇನ್ನೊಂದು ಶನಿವಾರ ಆ ಕಾರಿನಲ್ಲಿ ಕೂರುವುದು ನನಗೆ ಬೇಡವಾಗಿತ್ತು.

ಈ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಟ್ಯಾನರಿನ ಸ್ಟೇಷನ್ ಹತ್ತಿರ ಇರುತ್ತೇನೆ. ಸೈಕಲ್ ತರುತ್ತೇನೆ.